ಹುಳು ಎಂದು ಬರೆದ ಬಾಗಿಲು

ಕೀಟಶಾಸ್ತ್ರ ವಿಭಾಗದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಯಾರು ಯಾವ ಹುಳುವಿನ ಬೆನ್ನು ಹತ್ತಿದ್ದಾರೋ ಆ ಹುಳುವೇ ಅವರ ಹೆಸರು. ಮುಖ್ಯಸ್ಥರಾದ ಪ್ರೊಫೆಸರ್ ಬ್ಯಾರುಗಾಬ ನಿದ್ರಾರೋಗ ಹತ್ತಿಸುವ ತ್ಸೆತ್ಸೆ ನೊಣದ ಮೇಲೆ ಕೆಲಸ ಮಾಡುತ್ತ ತಲೆ ನರೆಸಿಕೊಂಡವರು. ಅವರು ಕಾರಿಡಾರಿನ ತುದಿಯಲ್ಲಿ ಕಾಣಿಸಿದರೆ ಚಹಾ ಕೋಣೆಯಲ್ಲಿದ್ದವರು, "ನೊಣ ಬಂತು, ಲೋಟ ಮುಚ್ಕೊಳ್ಳಿ" ಎನ್ನುತ್ತಿದ್ದರು. ಉತ್ತರ ಸೀಮೆಯಿಂದ ಬಂದ ಡಾಕ್ಟರ್ ಅಡೊಂಗ್, ಬಾಳೆಗಡ್ಡೆ ಕೊರೆಯುವ ಮೂತಿಹುಳುವಿನವಳು. ಮೇಲಿನ ಮಹಡಿಯಲ್ಲಿ ಒಬ್ಬರು ಸೊಳ್ಳೆ, ಅವರ ಪಕ್ಕದ ಕೋಣೆಯವರು ಗೆದ್ದಲು. ಸೊಳ್ಳೆಗೂ ಗೆದ್ದಲಿಗೂ ಪ್ರಯೋಗಾಲಯದ ಫ್ರಿಜ್ಜಿನ ವಿಷಯದಲ್ಲಿ ಜಗಳವಾಗಿ ಮಾತು ನಿಂತುಹೋಗಿತ್ತು.

ಡಾಕ್ಟರ್ ಪರ್ಪೆಟುವಾ ನಕಜುಬಿಯನ್ನು ಎಲ್ಲರೂ ನ್ಸೆನೆನೆ ಎಂದು ಕರೆಯುತ್ತಿದ್ದರು. ಹಾಗೆ ಕರೆಯುವಾಗ ಅವರ ಬಾಯಲ್ಲಿ ಒಂದಿಷ್ಟು ನೀರೂ ಬರುತ್ತಿತ್ತು. ಏಕೆಂದರೆ ಉಳಿದವರದ್ದೆಲ್ಲ ಹುಳು, ಅವಳದ್ದು ಊಟ.

ನ್ಸೆನೆನೆ ಎಂದರೆ ಮಿಡತೆ. ಎರಡನೆಯ ಮಳೆಗಾಲದ ತುದಿಗೆ, ಹೊತ್ತು ಮುಳುಗಿದ ಮೇಲೆ, ಆಕಾಶದಿಂದ ಕಾಳು ಚೆಲ್ಲಿದ ಹಾಗೆ ಸುರಿಯುವ ಹಸಿರು ಮಿಡತೆ. ಬುಗಾಂಡ ಸೀಮೆಯ ಜನ ಅದು ಬರುವ ತಿಂಗಳಿಗೇ ಮುಸೆನೆನೆ ಎಂದು ಹೆಸರಿಟ್ಟಿದ್ದಾರೆ; ನವೆಂಬರ್ ಎಂಬುದು ಕ್ಯಾಲೆಂಡರಿನ ಮಾತು. ರೆಕ್ಕೆ ಕಾಲು ಕಿತ್ತು, ಈರುಳ್ಳಿ ಉಪ್ಪು ಬಿದ್ದು, ಅದರದೇ ಜಿಡ್ಡಿನಲ್ಲಿ ಅದು ಹುರಿಯತೊಡಗಿದರೆ ಬೀದಿಯಲ್ಲಿ ಹೋಗುವವರ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ.

ಪರ್ಪೆಟುವಾ ಅದನ್ನು ಒಂದು ದಿನವೂ ಬಾಯಿಗಿಟ್ಟವಳಲ್ಲ. ಅವಳದು ನ್ಸೆನೆನೆ ಕುಲ. ಕುಲಕ್ಕೆ ಹೆಸರಾದ ಜೀವವನ್ನು ಆ ಕುಲದವರು ತಿನ್ನುವಂತಿಲ್ಲ. ಅದು ಒಡಹುಟ್ಟಿದ್ದಕ್ಕೆ ಸಮ. ಅವಳ ಅಪ್ಪ ಮಸಾಕಾ ಕಡೆಯ ಹಳ್ಳಿಯೊಂದರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದವರು. ಕಾಲುದಾರಿಯಲ್ಲಿ ಮಿಡತೆ ಕೂತಿದ್ದರೆ ಬಾಳೆಲೆಯ ತುಂಡಿನಿಂದ ಎತ್ತಿ ಬೇಲಿಯಾಚೆ ಬಿಟ್ಟು, "ಹೋಗಣ್ಣ, ನಿನ್ನ ದಾರಿ ನೋಡ್ಕೋ" ಎನ್ನುತ್ತಿದ್ದರು. ಆಚೆ ಮನೆಯವನು ಸುಮ್ಮನಿರುತ್ತಿರಲಿಲ್ಲ.

"ಮೇಷ್ಟ್ರೇ, ನಿಮ್ಮ ತಾತ ನನ್ನ ಬಾಣಲೇಲಿ ಕುಣೀತಿದಾರೆ! ಬಂದು ಒಂದ್ಸಲ ಮಾತಾಡಿಸ್ಕೊಂಡು ಹೋಗಿ!"

ಅವನದು ಅಣಬೆ ಕುಲ. ಅಪ್ಪ ಮೆಟ್ಟಿಲ ಮೇಲೆ ಕೂತಲ್ಲಿಂದಲೇ, "ಬರ್ತೀನಿ ತಡಿ. ನಿಮ್ಮಜ್ಜಿ ನಮ್ಮ ಮನೆ ಸಾರಲ್ಲಿ ಬೇಯ್ತಿದಾಳೆ, ಆಕೆ ಏನೋ ಹೇಳ್ತಿದಾಳೆ, ಕೇಳಿಸ್ಕೊಂಡು ಬರ್ತೀನಿ" ಎನ್ನುತ್ತಿದ್ದರು.

ಆ ಕಾಲದಲ್ಲಿ ನ್ಸೆನೆನೆ ಬಂದರೆ ಆಕಾಶ ಮುಚ್ಚುವಷ್ಟು ಬರುತ್ತಿತ್ತು. ಅಪ್ಪನ ತಂಗಿ, ಸೆಂಗ ಇಮೆಲ್ದಾ (ಅಲ್ಲಿ ಅಪ್ಪನ ಕಡೆಯ ಅತ್ತೆಯನ್ನು ಸೆಂಗ ಎನ್ನುತ್ತಾರೆ, ಹುಡುಗಿಗೆ ಬದುಕು ಕಲಿಸುವವಳು ತಾಯಿಗಿಂತ ಅವಳೇ), ತಾನು ತಿನ್ನದಿದ್ದರೂ ಬುಟ್ಟಿಗಟ್ಟಲೆ ಮಾರಿ ಗಂಡನಿಲ್ಲದ ಸಂಸಾರ ದಾಟಿಸಿದವಳು. ಪರ್ಪೆಟುವಾಳ ಶಾಲೆಯ ಸಮವಸ್ತ್ರಕ್ಕೂ ಆ ಬುಟ್ಟಿಯಿಂದಲೇ ಬಂದದ್ದು ಉಂಟು. ಆಮೇಲೆ ಕಾಡು ಕಡಿದರು, ಜೌಗಿನ ಹುಲ್ಲುಗಾವಲು ಉತ್ತರು. ಮಿಡತೆ ವರ್ಷದಿಂದ ವರ್ಷಕ್ಕೆ ತೆಳುವಾಯಿತು. ಬುಟ್ಟಿ ಹಿಡಿದ ಹೆಂಗಸರು ಬೆಳಗಿನವರೆಗೆ ಕಾದು, ತಳ ಮುಚ್ಚುವಷ್ಟು ಮಾತ್ರ ತುಂಬಿಕೊಂಡು ಮನೆಗೆ ಬರುವುದನ್ನು ಅವಳು ನೋಡಿದಳು.

ಅವಳ ಓದಿಗೆಲ್ಲ ಇದೇ ಒಂದು ಗುರಿ ನಿಂತಿತು. ನ್ಸೆನೆನೆಯನ್ನು ಕೋಳಿಯ ಹಾಗೆ ಮನೆಯಲ್ಲೇ ಸಾಕುವಂತಾಗಬೇಕು. ಹೆಂಗಸರು ಆಕಾಶ ನೋಡಿಕೊಂಡು ಕೂರುವುದು ತಪ್ಪಬೇಕು. ಕಾರಿಡಾರಿನ ಗೋಡೆಯ ಮೇಲೆ ಪ್ರತಿಯೊಬ್ಬರ ಹೆಸರು, ಅದರ ಕೆಳಗೆ ಅವರ ಸಂಶೋಧನೆಯ ವಿಷಯ ಬರೆಸಿದ್ದರು. ಉಳಿದವರು ಮೂರು ನಾಲ್ಕು ಸಾಲು ಬರೆಸಿಕೊಂಡರು. ಅವಳ ಹೆಸರಿನ ಕೆಳಗೆ ಇದ್ದದ್ದು ಎರಡೇ ಮಾತು: ನ್ಸೆನೆನೆ ಸಾಕಣೆ.

ಮದುವೆಯಾಗಲಿಲ್ಲ. ಯಾಕೆಂದು ಯಾರೂ ಕೇಳುವಷ್ಟು ಅವಳು ಯಾರಿಗೂ ಬಿಡುವು ಕೊಡಲಿಲ್ಲ. ಕೇಳುವ ಹಕ್ಕಿದ್ದವಳು ಸೆಂಗ ಒಬ್ಬಳೇ, ಆಕೆ ಕೇಳದೆ ಬಿಡುತ್ತಲೂ ಇರಲಿಲ್ಲ.

"ಮದುವೆ ಅಂದ್ರೆ ಬೇರೆ ಕುಲದೋರನ್ನ ಹುಡುಕ್ಕೋಬೇಕು ಕಣೇ. ನೀನು ನೋಡಿದ್ರೆ ನಮ್ಮ ಕುಲದೋರ ಜೊತೇನೇ ಸಂಸಾರ ಹೂಡಿದೀಯ. ಪಾದ್ರಿಗಳ ಹತ್ರ ಏನಂತ ಹೇಳ್ಲಿ?"

"ಮಕ್ಕಳೂ ಬೇಕಾದಷ್ಟು ಆಗಿದಾವೆ ಅಂತ ಹೇಳು ಸೆಂಗ."

ಮಕ್ಕಳು ನೆಲಮಹಡಿಯ ಕೊನೆಯ ಕೋಣೆಯಲ್ಲಿದ್ದವು. ಕಿಟಕಿಗೆ ಕಪ್ಪು ಬಟ್ಟೆ, ಸಾಲಾಗಿ ಬಲೆಯ ಗೂಡುಗಳು, ಗೂಡಿಗೆ ತೂಗುಹಾಕಿದ ಎಳೆಯ ಸಜ್ಜೆ ತೆನೆ. ಬಯಲಿನ ನ್ಸೆನೆನೆಯನ್ನು ಹಿಡಿದು ತಂದು ಗೂಡಿಗೆ ಬಿಟ್ಟರೆ ಅದು ಒತ್ತಟ್ಟಿಗೆ ಬಾಳುವುದಿಲ್ಲ. ಮೇವು ಇದ್ದರೂ ಪಕ್ಕದ್ದರ ಕಾಲು ಕಚ್ಚುತ್ತದೆ, ಪೊರೆ ಬಿಡುತ್ತಿರುವುದನ್ನು ತಿಂದುಬಿಡುತ್ತದೆ. ಎಷ್ಟೋ ಸಲ ಕೋಣೆ ತುಂಬಿ ಎಷ್ಟೋ ಸಲ ಬರಿದಾಯಿತು. ಕಡೆಗೆ ತನ್ನ ಹಳ್ಳಿಗೆ ಬಂದ ಕಟ್ಟಕಡೆಯ ದೊಡ್ಡ ಹಿಂಡಿನಿಂದ ಒಂದಿಷ್ಟು ತಂದು, ಅವುಗಳಲ್ಲಿ ಸಾಧು ಸ್ವಭಾವದವನ್ನು ಆರಿಸಿ, ಅವುಗಳ ಮರಿಗಳಲ್ಲಿ ಮತ್ತೆ ಸಾಧುವಾದವನ್ನು ಆರಿಸಿ, ಒಂಬತ್ತು ವರ್ಷ ಹೀಗೆ ಮಾಡಿದ ಮೇಲೆ ಒಂದು ಸಂತತಿ ನಿಂತಿತು. ಅವು ಒಂದೇ ತೆನೆಯ ಮೇಲೆ, ಚರ್ಚಿನ ಬೆಂಚಿನಲ್ಲಿ ಕೂತವರ ಹಾಗೆ, ಮೈಗೆ ಮೈ ತಾಗಿಸಿ ಕೂರುತ್ತಿದ್ದವು. ತಾನು ಆರಿಸಿದ ತಾಯಿಗಳ ಬೆನ್ನಿಗೆ ಅವಳು ಉಗುರುಬಣ್ಣದ ಒಂದು ಬಿಳಿ ಚುಕ್ಕೆ ಇಡುತ್ತಿದ್ದಳು.

ಕೋಣೆಯ ಕೆಲಸಕ್ಕೆ ಅವಳ ಜೊತೆ ಇದ್ದವನು ಎನೊಕ್, ಪ್ರಯೋಗಾಲಯದ ಸಹಾಯಕ, ನಡುವಯಸ್ಸಿನವನು. ಅವನು ಶನಿವಾರವನ್ನು ಸಬ್ಬತ್ತೆಂದು ಆಚರಿಸುವ ಪಂಥದವನು. ಆ ದಿನ ಆಕಾಶ ಕಳಚಿ ಬಿದ್ದರೂ ಕೆಲಸ ಮುಟ್ಟುವುದಿಲ್ಲ. ಅವಳು ಕ್ಯಾಥೊಲಿಕ್, ಭಾನುವಾರ ಪೂಜೆ. ಹಾಗಾಗಿ ಶನಿವಾರ ಮೇವು ಹಾಕುವುದು ಅವಳು, ಭಾನುವಾರ ಅವನು.

"ನಮ್ಮಿಬ್ಬರ ದೇವರು ಒಬ್ಬನೇ ಆದ್ರೂ ರಜಾ ಬೇರೆ ಬೇರೆ ಕೊಟ್ಟಿದ್ದು ಈ ಮಿಡತೆಗಳಿಗೋಸ್ಕರಾನೇ ಇರ್ಬೇಕು ಡಾಕ್ಟರ್" ಎಂದು ಅವನು ಹೇಳುವುದಿತ್ತು. "ಬೈಬಲಲ್ಲಿ ಮೋಶೆ ಹಂದಿ ಬೇಡ ಅಂದ, ಮೀನಲ್ಲೂ ಮೈಮೇಲೆ ಹುರುಪೆ ಇರೋದು ಮಾತ್ರ ಅಂದ. ಮಿಡತೆ ತಿನ್ಬಹುದು ಅಂತ ಅವನೇ ಬರೆದಿದಾನೆ. ನೋಡಿ, ನಮಗೆ ಎಷ್ಟು ಹಿಂದಿನಿಂದ ಅನುಮತಿ ಸಿಕ್ಕಿದೆ."

"ನಿನಗೆ ಸಿಕ್ಕಿದೆ. ನನಗೆ ನಮ್ಮಪ್ಪ ಬೇಡ ಅಂದಿದಾರೆ."

ಬಾಗಿಲ ಮೇಲೆ ಮೊದಲಿಗೆ ನ್ಸೆನೆನೆ ಎಂದೇ ಬರೆದಿತ್ತು. ಒಂದು ಮುಸೆನೆನೆಯಲ್ಲಿ, ಪೇಟೆಗೆ ಮಿಡತೆ ಬಾರದೆ ಜನ ಆಸೆಗೆಟ್ಟಿದ್ದಾಗ, ಚಹಾ ಕೋಣೆಯಲ್ಲಿ ಯಾರೋ ಕಾವಲಿನವನಿಂದ ಕೊಂಡ ಹುರಿದ ನ್ಸೆನೆನೆಯ ತಟ್ಟೆ ಇಟ್ಟಿದ್ದರು. ಎಲ್ಲರೂ ಕೈ ಹಾಕುತ್ತಿದ್ದರು. ಡಾಕ್ಟರ್ ಅಡೊಂಗ್ ತಟ್ಟೆಯನ್ನು ಅವಳತ್ತ ಸರಿಸಿ, "ತಗೋ ನ್ಸೆನೆನೆ... ಓ, ಮರೆತೆ. ನೀನು ಬಂಧುಬಳಗ ತಿನ್ನಲ್ಲ" ಎಂದಳು. ಎಲ್ಲರೂ ನಕ್ಕರು. ಪರ್ಪೆಟುವಾ ಕೂಡ ನಗುತ್ತ ತಟ್ಟೆ ನೋಡಿದಳು. ಕೆಂಪಗೆ ಹುರಿದ ಒಂದರ ಬೆನ್ನ ಮೇಲೆ ಬಿಳಿ ಚುಕ್ಕೆ ಇತ್ತು. ಅದರ ಪಕ್ಕದ್ದರ ಮೇಲೂ ಇತ್ತು.

ಅವಳು ಗಲಾಟೆ ಮಾಡಲಿಲ್ಲ. ಎದ್ದು ಹೋಗಿ ಗೂಡು ನೋಡಿದಳು. ಅಂದಿಗೆ ಒಂದು ಗೂಡಷ್ಟೇ ಹೋಗಿತ್ತು, ಸಂತತಿ ಉಳಿದಿತ್ತು. ಬಾಗಿಲ ಮೇಲಿನ ಬರಹವನ್ನು ಅವಳೇ ಕೆರೆದು ತೆಗೆದು, ಕಾವಲಿನವರಿಗೂ ಕಸ ಗುಡಿಸುವವರಿಗೂ ಅರ್ಥವಾಗಲೆಂದು ಅವರ ಭಾಷೆಯಲ್ಲೇ ದಪ್ಪ ಅಕ್ಷರದಲ್ಲಿ ಬರೆದಳು: ಅಪಾಯ, ಒಳಗೆ ಹುಳುಗಳಿವೆ. ಆ ನಾಡಿನಲ್ಲಿ ನ್ಸೆನೆನೆಯನ್ನು ಹುಳು ಎಂದು ಯಾರೂ ಕರೆಯುವುದಿಲ್ಲ, ನಾವು ಅಕ್ಕಿಯನ್ನು ಹುಲ್ಲಿನ ಬೀಜ ಎನ್ನದ ಹಾಗೆ. ಹುಳು ಎಂದರೆ ಜಿರಲೆ, ತಿಗಣೆ, ಕಾಯಿಲೆ. ಆ ದಿನದಿಂದ ಬಾಗಿಲ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಕಸ ಗುಡಿಸುವವಳು ಕೂಡ ಹೊಸ್ತಿಲಿನವರೆಗೆ ಗುಡಿಸಿ ಹಿಂದಿರುಗುತ್ತಿದ್ದಳು. ಒಂದು ಮಾತು ಬೀಗಕ್ಕಿಂತ ಗಟ್ಟಿ ಎಂದು ಪರ್ಪೆಟುವಾ ಒಳಗೊಳಗೆ ಹಿಗ್ಗಿದಳು.

ಈ ವರ್ಷದ ಕೊನೆಗೆ ಅವಳ ನಿವೃತ್ತಿ. ಅದರೊಳಗೆ ಸಂತತಿಯನ್ನು ಹಳ್ಳಿಗೆ ಮುಟ್ಟಿಸಬೇಕು; ಅವಳಾದ ಮೇಲೆ ವಿಭಾಗದಲ್ಲಿ ಅದಕ್ಕೆ ದಿಕ್ಕಿಲ್ಲ. ಸೆಂಗಳ ಹಿತ್ತಿಲಲ್ಲಿ ಹೆಂಗಸರು ಸೇರಿ ಬಲೆಯ ಮನೆ ಕಟ್ಟಿ, ಸಜ್ಜೆ ಬಿತ್ತಿ ಕಾಯುತ್ತಿದ್ದರು. ಏಪ್ರಿಲಿನಲ್ಲೇ ಸೆಂಗ ಫೋನ್ ಮಾಡಿದ್ದಳು.

"ಮನೆ ರೆಡಿ ಇದೆ. ಸೊಸೆಯನ್ನ ಯಾವಾಗ ಕಳಿಸ್ತೀಯೇ?"

"ಇನ್ನೊಂದು ತಲೆಮಾರು ನೋಡ್ತೀನಿ ಸೆಂಗ. ಗಟ್ಟಿ ನಿಂತಿದೆ ಅಂತ ಖಾತ್ರಿ ಮಾಡ್ಕೊಂಡು ಮುಸೆನೆನೆ ಹೊತ್ತಿಗೆ ನಾನೇ ತರ್ತೀನಿ."

"ಖಾತ್ರಿ, ಖಾತ್ರಿ! ನಿಮ್ಮಪ್ಪನೂ ಹೀಗೆ. ಮಳೆ ಬಂತು ಅಂತ ಖಾತ್ರಿಯಾಗೋತನಕ ಬಟ್ಟೆ ಎತ್ತುತ್ತಿರ್ಲಿಲ್ಲ."

ಆಗಸ್ಟ್ ಮುಗಿಯುವ ಹೊತ್ತಿಗೆ, ಉನ್ನತ ಶಿಕ್ಷಣದ ಸಮಿತಿಯವರು ಪರಿಶೀಲನೆಗೆ ಬರುತ್ತಾರೆ ಎಂಬ ಸುದ್ದಿ ಬಂತು. ಗೋಡೆಗಳಿಗೆ ಸುಣ್ಣ ಹೊಡೆದರು; ಕಾರಿಡಾರಿನ ಹೆಸರುಗಳೂ ಅದರಡಿ ಮುಚ್ಚಿಹೋದವು. ಕಟ್ಟಡದಲ್ಲೆಲ್ಲ ಜಿರಲೆ, ಬರುವ ಶನಿವಾರ ಎಲ್ಲ ಕೋಣೆಗಳಿಗೂ ಔಷಧಿ ಹೊಡೆಸುತ್ತೇವೆ ಎಂದು ಸುತ್ತೋಲೆ ಹೊರಟಿತು. ಪರ್ಪೆಟುವಾ ಅದನ್ನು ಕೈಯಲ್ಲಿ ಹಿಡಿದೇ ಮುಖ್ಯಸ್ಥರ ಕೋಣೆಗೆ ಹೋದಳು.

"ಸರ್, ನನ್ನ ಕೋಣೆ ಬಿಡಬೇಕು. ಅದರ ಗಾಳಿ ಕೂಡ ತಾಗಬಾರದು."

"ನನಗೆ ಗೊತ್ತಿಲ್ವಾ ನ್ಸೆನೆನೆ?" ಪ್ರೊಫೆಸರ್ ಬ್ಯಾರುಗಾಬ ಅವಳೆದುರಿಗೇ ಫೋನ್ ಎತ್ತಿ ಕಟ್ಟಡ ನೋಡಿಕೊಳ್ಳುವ ಕಚೇರಿಗೆ ಹೇಳಿದರು. "ಎಲ್ಲ ಹೊಡೀರಿ. ನ್ಸೆನೆನೆ ಕೋಣೆ ಒಂದನ್ನ ಮುಟ್ಬೇಡಿ. ಹೌದು, ನ್ಸೆನೆನೆ. ಬರ್ಕೊಳ್ಳಿ." ಫೋನ್ ಇಟ್ಟು, "ಆಯ್ತಲ್ಲ? ಇನ್ನು ಹೋಗಿ ನೆಮ್ಮದಿಯಾಗಿ ಪ್ರಾರ್ಥನೆ ಮಾಡು" ಎಂದರು.

ಅದೇ ಶನಿವಾರ ಹಳ್ಳಿಯಲ್ಲಿ ದೊಡ್ಡಪ್ಪನ ಸೂತಕ ಕಳೆದು ವಾರಸುದಾರನನ್ನು ಕೂರಿಸುವ ದಿನ. ಕುಲದ ಮಗಳು ಅದಕ್ಕೆ ತಪ್ಪಿಸಿಕೊಂಡರೆ ಅವಳನ್ನು ಬದುಕಿದ್ದಾಳೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶುಕ್ರವಾರ ಸಂಜೆ ಎರಡು ದಿನದ ತೆನೆ ಹಾಕಿ, ಬೀಗ ಎಳೆದು ನೋಡಿ, ಅವಳು ಮಸಾಕಾದ ಬಸ್ಸು ಹತ್ತಿದಳು. ಮರುದಿನ ವಾರಸುದಾರನಾದ ಚೊಚ್ಚಲ ಮೊಮ್ಮಗನಿಗೆ ಮರದ ತೊಗಟೆಯ ಬಟ್ಟೆ ಹೊದಿಸಿ ಕೈಗೆ ಈಟಿ ಕೊಡುವಾಗ ಅವಳು ಹೆಂಗಸರ ಸಾಲಿನಲ್ಲಿ ಮೊಣಕಾಲೂರಿ ಕೂತಿದ್ದಳು. "ನ್ಸೆನೆನೆ ಕುಲ ಆರದಿರಲಿ" ಎಂದು ಹಿರಿಯರು ಕೂಗಿದರು. ಅವಳೂ ಎಲ್ಲರ ಜೊತೆ ದನಿಗೂಡಿಸಿದಳು. ಊಟವಾದ ಮೇಲೆ ಸೆಂಗ ಹಿತ್ತಿಲಿಗೆ ಕರೆದೊಯ್ದು ಬಲೆಯ ಮನೆ ತೋರಿಸಿದಳು. ಹೆಂಗಸರು ಅದರ ಬಾಗಿಲಿಗೆ ಆಗಲೇ ಒಂದು ಶಿಲುಬೆ ಕಟ್ಟಿದ್ದರು.

ಭಾನುವಾರ ಮಧ್ಯಾಹ್ನ ಎನೊಕ್ ಫೋನ್ ಮಾಡಿದ. "ಡಾಕ್ಟರ್" ಎಂದ. ಮತ್ತೆ "ಡಾಕ್ಟರ್" ಎಂದ.

ಅವಳು ಬಂದಾಗ ಕೋಣೆಯ ಬಾಗಿಲು ಕಿಟಕಿ ತೆರೆದಿತ್ತು. ಕಪ್ಪು ಬಟ್ಟೆಯನ್ನು ಎನೊಕ್ ಕಿತ್ತೆಸೆದಿದ್ದ. ಔಷಧಿಯ ವಾಸನೆ ಇನ್ನೂ ಹೋಗಿರಲಿಲ್ಲ. ಗೂಡಿನ ತಳದಲ್ಲೆಲ್ಲ ಅವು ಒಂದರ ಮೇಲೊಂದು ಬಿದ್ದಿದ್ದವು, ಕಾಲು ಮೇಲೆ ಮಾಡಿ. ಕೆಲವು ತೆನೆಯನ್ನು ಕಚ್ಚಿ ಹಿಡಿದೇ ಸತ್ತಿದ್ದವು. ಒಂದು ಗೂಡಿನಲ್ಲಿ ಎರಡು ಮೂರು ಇನ್ನೂ ನಡುಗುತ್ತಿದ್ದವು. ಅವಳು ಅವನ್ನು ಅಂಗೈಗೆ ತೆಗೆದುಕೊಂಡು ಹೊರಗೆ ಬೆಳಕಿಗೆ ಹೋದಳು. ಗಾಳಿಯಲ್ಲಿ ನಿಂತಳು. ಅವು ನಡುಗುವುದು ನಿಂತ ಮೇಲೂ ಅಂಗೈ ಮುಚ್ಚಲಿಲ್ಲ.

ಔಷಧಿ ಹೊಡೆದವನು ಸಾಲೊಂಗೊ. ಅವನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಅವಳಿ ಮಕ್ಕಳ ತಂದೆಯನ್ನು ಆ ನಾಡಿನಲ್ಲಿ ಹಾಗೇ ಗೌರವದಿಂದ ಕರೆಯುತ್ತಾರೆ. ಸೋಮವಾರ ಬೆಳಿಗ್ಗೆ ಕರೆಸಿದಾಗ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡೇ ಬಂದ. ಇನ್ನೊಂದು ಕಟ್ಟಡದ ಕೆಲಸ ಬಾಕಿ ಇತ್ತು.

"ಕರೆಸಿದ್ರಂತೆ ನ್ಯಾಬೊ" ಎಂದ; ನಾವು ಅಮ್ಮಾವ್ರೇ ಎನ್ನುವ ಹಾಗೆ ಅದು.

ಎನೊಕ್ ಕೇಳಿದ. "ಸಾಲೊಂಗೊ, ನ್ಸೆನೆನೆ ಕೋಣೆ ಬಿಡಿ ಅಂತ ನಿಮಗೆ ಹೇಳಿರ್ಲಿಲ್ವಾ?"

"ಹೇಳಿದ್ರಲ್ಲ! ಬಿಟ್ಟೆ... ಅಂದ್ರೆ, ಬಿಡೋಣ ಅಂತ ಒಂದೊಂದು ಬಾಗಿಲೂ ಓದ್ಕೊಂಡ್ ಬಂದೆ. ಮೇಲಿನ ಮಹಡಿ ನೋಡ್ದೆ, ಕೆಳಗೆ ನೋಡ್ದೆ. ನ್ಸೆನೆನೆ ಅಂತ ಎಲ್ಲೂ ಇಲ್ಲ. ಬೇರೆ ಕಟ್ಟಡದಲ್ಲಿರ್ಬೇಕು ಅಂದ್ಕೊಂಡೆ."

"ಮತ್ತೆ ಈ ಬಾಗಿಲು?"

"ಈ ಬಾಗಿಲಲ್ಲಿ ಬರೆದಿದೆಯಲ್ಲಪ್ಪ, ಹುಳು ಅಂತ. ಅಪಾಯ ಅಂತಾನೂ ಇದೆ." ಸಾಲೊಂಗೊ ಬರಹದತ್ತ ಬೆರಳು ಮಾಡಿದ. "ಕಚೇರಿಯೋರು ಕೊಟ್ಟ ಬೀಗದಕೈ ಗೊಂಚಲಿಂದ ತೆಗೆದೆ. ಕರೆಂಟ್ ಇರ್ಲಿಲ್ಲ, ಒಳಗೆ ಕಗ್ಗತ್ತಲೆ. ಏನೋ ಪಟಪಟ ಹಾರಾಡೋ ಸದ್ದು. ನನಗೂ ಹೆದರಿಕೆ. ಹೊಸ್ತಿಲಲ್ಲೇ ನಿಂತು ಟ್ಯಾಂಕ್ ಪೂರ್ತಿ ಖಾಲಿ ಮಾಡ್ದೆ. ಬೇರೆ ಕೋಣೆಗೆಲ್ಲ ಅರ್ಧ ಹೊಡೆದಿದ್ದು. ಇದಕ್ಕೆ ಮಾತ್ರ..."

ಅಷ್ಟರಲ್ಲಿ ಅವನ ಕಣ್ಣು ನೆಲದ ಮೇಲೆ ಬಿತ್ತು. ಬಗ್ಗಿ ಒಂದನ್ನು ಎತ್ತಿದ. ಬೆಳಕಿಗೆ ಹಿಡಿದ. ತಲೆಯ ಮೇಲಿನ ಟೋಪಿ ತೆಗೆದ.

"ಬಾಂಬಿ" ಎಂದ. ಮರುಕಕ್ಕೆ ಅಲ್ಲಿಯವರು ಹೇಳುವ ಮಾತು ಅದೊಂದೇ. "ಇದು ನ್ಸೆನೆನೆ ಅಲ್ವಾ ನ್ಯಾಬೊ? ನ್ಸೆನೆನೆ ಅಂತ ಬರೆದಿದ್ರೆ ನಾನ್ಯಾಕೆ ಹೊಡೀತಿದ್ದೆ? ಊಟಕ್ಕೆ ಯಾರಾದ್ರೂ ವಿಷ ಹಾಕ್ತಾರಾ? ಯಾರು ಬರೆದಿದ್ದು ಇದನ್ನ, ಹುಳು ಅಂತ?"

ಎನೊಕ್ ಗೋಡೆ ನೋಡಿದ.

"ನಾನು" ಎಂದಳು ಪರ್ಪೆಟುವಾ.

ಸಾಲೊಂಗೊ ತಾನೇ ಅಪರಾಧಿಯ ಹಾಗೆ ತಲೆ ತಗ್ಗಿಸಿ, ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು, ಸದ್ದಾಗದಂತೆ ಹೊರಟುಹೋದ.

ಬಯ್ಯಲು ಯಾರಾದರೂ ಸಿಕ್ಕಿದ್ದರೆ ಅವಳಿಗೆ ಒಂದು ಆಸರೆ ಇರುತ್ತಿತ್ತು. ಮುಖ್ಯಸ್ಥರು ಹೇಳಬೇಕಾದ್ದನ್ನು ಹೇಳಿದ್ದರು. ಕಚೇರಿಯವರು ಬರೆದುಕೊಂಡಿದ್ದರು. ಸಾಲೊಂಗೊ ಪ್ರತಿ ಬಾಗಿಲನ್ನೂ ಓದಿದ್ದ. ಊರಿನವರೆಲ್ಲ ತಿಂದರು, ಪಾಪ ತಟ್ಟಲಿಲ್ಲ. ತಿನ್ನದವಳು, ಮುಟ್ಟಿದರೆ ನೋಯುತ್ತದೆಂದು ಬೆರಳ ತುದಿಯಲ್ಲಿ ಎತ್ತುತ್ತಿದ್ದವಳು, ತನ್ನ ಕುಲದವರಿಗೆ ಹುಳು ಎಂದು ಹೆಸರಿಟ್ಟಳು. ಆ ಹೆಸರಿಗೆ ಸಿಗಬೇಕಾದದ್ದೇ ಸಿಕ್ಕಿತು.

ಸತ್ತವನ್ನು ಹಾಗೇ ಎಸೆಯುವಂತಿರಲಿಲ್ಲ. ಯಾರಾದರೂ ಆರಿಸಿಕೊಂಡು ಹುರಿದು ತಿಂದರೆ? ವಿಷ. ಕಟ್ಟಡದ ಹಿಂದೆ ಎನೊಕ್ ಗುಂಡಿ ತೋಡಿದ. ಇಬ್ಬರೂ ಬುಟ್ಟಿಯಲ್ಲಿ ಹೊತ್ತು ಸುರಿದರು. ಸೀಮೆಎಣ್ಣೆ ಹಾಕಿ ಬೆಂಕಿ ಇಟ್ಟರು. ನ್ಸೆನೆನೆಯ ಮೈಯಲ್ಲಿ ಕೊಬ್ಬು ಹೆಚ್ಚು. ಮೊದಲು ಔಷಧಿಯ, ಸೀಮೆಎಣ್ಣೆಯ ಘಾಟು ಎದ್ದಿತು. ಅದು ಕಳೆದ ಮೇಲೆ ಜಿಡ್ಡು ಕರಗಿ ಘಮ್ಮೆನ್ನತೊಡಗಿತು. ಮುಸೆನೆನೆಗೆ ಇನ್ನೂ ಎರಡು ತಿಂಗಳಿರುವಾಗ ಆ ಪರಿಮಳ ಕಿಟಕಿಗಳೊಳಗೆ ನುಗ್ಗಿತು. ವಿದ್ಯಾರ್ಥಿಗಳು ಮೆಟ್ಟಿಲಿಳಿದು ಬಂದರು.

"ಯಾರು ಹುರೀತಿರೋದು? ಇಷ್ಟು ಬೇಗ ಬಂತಾ? ಡಾಕ್ಟರ್, ನಮಗೂ ಒಂದು ಹಿಡಿ!"

ಅವಳು ಗುಂಡಿಗೆ ಅಡ್ಡ ನಿಂತಳು. "ಇಲ್ಲ ಮಕ್ಕಳೇ. ಇದು ತಿನ್ನೋದಲ್ಲ" ಎಂದಳು. ಅವರು ನಂಬಲಿಲ್ಲ. ಮೂಗು ಅರಳಿಸಿಕೊಂಡು ಅಲ್ಲೇ ನಿಂತರು. ಎನೊಕ್ ಸಲಿಕೆ ಎತ್ತಿ ಅವರನ್ನು ಓಡಿಸಬೇಕಾಯಿತು.

ಸಮಿತಿಯವರು ಬಂದರು. ಖಾಲಿ ಕೋಣೆಯ ಮುಂದೆಯೂ ನಿಂತು, ಇಡೀ ವಿಭಾಗದಲ್ಲಿ ಇದರಷ್ಟು ಸ್ವಚ್ಛವಾದ ಕೋಣೆ ಇನ್ನೊಂದಿಲ್ಲ ಎಂದು ಮೆಚ್ಚಿದರು.

ಗೂಡುಗಳಲ್ಲಿಟ್ಟಿದ್ದ ಹುಲ್ಲಿನ ಎಲೆಯ ಮಡಿಕೆಗಳಲ್ಲಿ ಮೊಟ್ಟೆಗಳಿದ್ದವು. ಮೊಟ್ಟೆಗೆ ವಿಷ ಅಷ್ಟು ತಾಗಿರಲಾರದು ಎಂದು ಎನೊಕ್ ಅವನ್ನು ತೊಳೆದು ಒದ್ದೆ ಹತ್ತಿಯಲ್ಲಿಟ್ಟ. ಅವಳು ಆ ಡಬ್ಬಿಯನ್ನು ತನ್ನ ಮೇಜಿನ ಮೇಲಿಟ್ಟುಕೊಂಡಳು; ಪಾಠ ಮುಗಿಸಿ ಬಂದರೆ ಮೊದಲು ಡಬ್ಬಿ, ಆಮೇಲೆ ಕುರ್ಚಿ. ಅಡೊಂಗ್ ಬಂದು ಎದುರಿಗೆ ಕೂರುತ್ತಿದ್ದಳು. ಹಾಸ್ಯಗಾರ್ತಿಯಾದ ಅವಳಿಗೂ ಆ ಡಬ್ಬಿಯ ಮುಂದೆ ಒಂದು ಹಾಸ್ಯವೂ ಹೊಳೆಯುತ್ತಿರಲಿಲ್ಲ. ಮೊಟ್ಟೆ ಒಡೆಯುವ ದಿನ ಬಂತು, ಹೋಯಿತು. ಹತ್ತಿ ತೇವವಾಗಿಯೇ ಇತ್ತು. ಮೊಟ್ಟೆಗಳು ಮಾತ್ರ ಭತ್ತದ ಜೊಳ್ಳಿನ ಹಾಗೆ ಸೊರಗಿ ಕಪ್ಪಾದವು.

ಅವಳು ಜಪಮಾಲೆ ಬಿಟ್ಟವಳಲ್ಲ. ಆದರೆ ಬೇಡಿಕೊಳ್ಳಲು ಕೂತರೆ ಏನೆಂದು ಬೇಡುವುದು? ಹೊಸದಾಗಿ ಹಿಡಿದು, ಆರಿಸಿ, ಪಳಗಿಸಲು ಇನ್ನೊಂದು ಒಂಬತ್ತು ವರ್ಷ ಬೇಕು; ಇದ್ದದ್ದು ಕೆಲವು ವಾರ. ಮಣಿಗಳು ಬೆರಳ ಕೆಳಗೆ ಸರಿಯುತ್ತಿದ್ದವು, ಮಾತು ಹುಟ್ಟುತ್ತಿರಲಿಲ್ಲ. ದೇವರು ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಕೇಳಿಸಿಕೊಂಡು ಅವನೂ ಸುಮ್ಮನಿದ್ದಾನೆ, ಅಷ್ಟೇ.

ಸೆಂಗಳಿಗೆ ಹೇಳಲು ಬಹಳ ದಿನ ಹಿಡಿಯಿತು. ಕೇಳಿದ ಸೆಂಗ, "ಏಪ್ರಿಲ್‌ನಲ್ಲೇ ಕೊಡು ಅಂದಿದ್ದೆ" ಎಂದಳು. ಬಯ್ಗುಳದ ದನಿಯಲ್ಲಿ ಹೇಳಿದ್ದರೆ ಪರ್ಪೆಟುವಾ ತಡೆದುಕೊಳ್ಳುತ್ತಿದ್ದಳು. ಸೆಂಗ ಬಹಳ ಮೆತ್ತಗೆ ಹೇಳಿದಳು. "ಇರ್ಲಿ ಬಿಡು ಮಗಾ. ಬಲೆ ಮನೇಲಿ ಮೇಕೆ ಕಟ್ಕೋತೀವಿ. ಮಳೆಗೆ ನೆನೀತಿದಾವೆ ಪಾಪ."

ಮುಸೆನೆನೆ ಬಂತು. ತಿಂಗಳು ಬಂತು, ಮಿಡತೆ ಬರಲಿಲ್ಲ. ಹಳ್ಳಿಯ ದಿಬ್ಬಗಳ ಮೇಲೆ ತಗಡಿನ ಹಾಳೆ ನಿಲ್ಲಿಸಿ, ಕೆಳಗೆ ಪೀಪಾಯಿ ಇಟ್ಟು, ಕಣ್ಣು ಕುಕ್ಕುವ ದೀಪ ಹಾಕಿ ಜನ ಕಾದರು. ದೀಪಕ್ಕೆ ಬಂದದ್ದು ಬರೀ ಪತಂಗ, ಜೀರುಂಡೆ. ಹುಳು. ನಗರದ ಸಂತೆಯಲ್ಲಿ ಒಂದು ಹಿಡಿ ನ್ಸೆನೆನೆಗೆ ಮಾಂಸಕ್ಕಿಂತ ಹೆಚ್ಚು ಕೇಳುತ್ತಿದ್ದರು. ಕೊಳ್ಳಲಾಗದವರು ವಾಸನೆ ಕುಡಿದು ಮುಂದೆ ಹೋಗುತ್ತಿದ್ದರು.

ಕೋಣೆಯನ್ನು ಹೊಸ ವರ್ಷಕ್ಕೆ ಸೊಳ್ಳೆಯವರಿಗೆ ಕೊಡುವುದೆಂದು ತೀರ್ಮಾನವಾಯಿತು. ಕಾರಿಡಾರಿನ ಗೋಡೆಗೆ ಹೊಸ ಬಣ್ಣ ಬಳಿದು ಎಲ್ಲರ ಹೆಸರು, ವಿಷಯ ಮತ್ತೆ ಬರೆಸುತ್ತಿದ್ದರು. ಪ್ರೊಫೆಸರ್ ಬ್ಯಾರುಗಾಬ ಅವಳ ಕೋಣೆಯ ಬಾಗಿಲಲ್ಲಿ ನಿಂತು, ಒಳಗೂ ಬಾರದೆ ಹೊರಗೂ ಹೋಗದೆ, "ನಿನ್ನ ಹೆಸರಿನ ಕೆಳಗೆ... ಈಗ ಏನು ಬರೆಸೋಣ?" ಎಂದು ಕೇಳಿದರು.

"ಡಿಸೆಂಬರ್ ತನಕ ತಾನೇ ಸರ್. ಬಿಟ್ಬಿಡಿ."

ಅವರು ಹೋದ ಮೇಲೆ ಅವಳು ಕುಂಚವನ್ನೂ ಒಂದಿಷ್ಟು ಬಣ್ಣವನ್ನೂ ಪೇಂಟರನಿಂದ ಕೇಳಿ ತಂದಳು. ನೆಲಮಹಡಿಯ ಕೊನೆಯ ಬಾಗಿಲ ಮೇಲಿನ ಹಳೆಯ ಬರಹವನ್ನು ಕೆರೆದಳು. ಅದು ಸುಲಭಕ್ಕೆ ಬಿಡಲಿಲ್ಲ. ಮಣೆ ಹಾಕಿ ನಿಂತು, ಮೊದಲಿದ್ದ ಜಾಗದಲ್ಲೇ, ನ್ಸೆನೆನೆ ಎಂದು ಬರೆದಳು.

ಎನೊಕ್ ನೋಡುತ್ತ ನಿಂತಿದ್ದ. "ಖಾಲಿ ಕೋಣೆಗೆ ಬೋರ್ಡ್ ಯಾಕೆ ಡಾಕ್ಟರ್?"

"ಇಲ್ಲಿ ಇದ್ದೋರು ಯಾರು ಅಂತ ಒಂದ್ಸಲನಾದ್ರೂ ಸರಿಯಾಗಿ ಹೇಳ್ಬೇಕಲ್ಲ."

ಅವನು ಮಣೆ ಅಲ್ಲಾಡದಂತೆ ಹಿಡಿದುಕೊಂಡ.

ಮುಂದಿನ ಸೋಮವಾರ ಅವಳು ಬರುವಷ್ಟರಲ್ಲಿ ಎನೊಕ್ ಆ ಬಾಗಿಲ ಮುಂದೆ ನಿಂತಿದ್ದ. ಬೀಗ ಮುರಿದಿತ್ತು. ಒಳಗೆ ಗೂಡುಗಳನ್ನೆಲ್ಲ ಎಳೆದಾಡಿದ್ದರು. ಬಲೆ ಹರಿದಿದ್ದರು. ಒಣಗಿದ ತೆನೆಗಳು ನೆಲದ ತುಂಬ ಬಿದ್ದಿದ್ದವು. ಮೂಲೆಯಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಚೀಲ; ಬಂದವನು ತುಂಬಿಕೊಂಡು ಹೋಗಲೆಂದು ತಂದದ್ದು, ಏನೂ ಸಿಗದ ಸಿಟ್ಟಿಗೆ ಎಸೆದು ಹೋದದ್ದು.

ಅವಳು ಚೀಲವನ್ನು ಎತ್ತಿ ಒಳಗೆ ಇಣುಕಿದಳು. ಇಣುಕಿದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಎನೊಕ್ ಸಮಾಧಾನ ಹೇಳುವವನ ಹಾಗೆ ಹತ್ತಿರ ಬಂದ. "ನೋಡಿದ್ರಾ ಡಾಕ್ಟರ್. ಇಷ್ಟು ದಿನ ನಿಮ್ಮನ್ನ ನೀವೇ ತಿಂದ್ಕೊಂಡ್ರಿ. ಈ ಮಾತು ಬರೆದಿದ್ರೂ ಅವು ಉಳೀತಿರ್ಲಿಲ್ಲ. ಹುಳು ಅಂದ್ರೆ ವಿಷ, ನ್ಸೆನೆನೆ ಅಂದ್ರೆ ಬಾಣಲೆ. ನಿಮ್ಮ ತಪ್ಪೇನಿಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವಳಿಗೂ ಅದು ನಿಜವೆನ್ನಿಸಿತು. ತಪ್ಪು ತನ್ನದೆಂದು ತಿಳಿದಿದ್ದ ದಿನಗಳಲ್ಲಿ, ಸರಿಯಾದದ್ದು ಒಂದು ಎಲ್ಲೋ ಇತ್ತು, ತಾನು ಅದನ್ನು ಮಾಡಲಿಲ್ಲ, ಎಂಬಷ್ಟಾದರೂ ಉಳಿದಿತ್ತು. ಈಗ ಅದೂ ಹೋಯಿತು. ಆ ಬಾಗಿಲ ಮೇಲೆ ಬರೆಯಬಹುದಾದ ಮಾತೇ ಈ ಊರಿನಲ್ಲಿ ಇರಲಿಲ್ಲ.

"ಹೊಸ ಬೀಗ ತರ್ಲಾ?" ಎನೊಕ್ ಕೇಳಿದ.

"ಬೇಡ. ತೆರೆದೇ ಇರ್ಲಿ."

ಚೀಲವನ್ನು ನಾಲ್ಕಾಗಿ ಮಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಪೊರಕೆ ತೆಗೆದುಕೊಂಡು ತೆನೆಗಳನ್ನು ಗುಡಿಸತೊಡಗಿದಳು. ಗೂಡಿನ ಸಂದಿಯಿಂದ ಒಂದು ಒಣ ರೆಕ್ಕೆ ಹಾರಿ ಬಂದು ಅವಳ ತೋಳಿಗೆ ಅಂಟಿತು. ಅವಳು ಅದನ್ನು ಕೊಡವಲಿಲ್ಲ.

ಚಹಾ ಕೋಣೆಯ ಕಡೆಯಿಂದ ಅಡೊಂಗ್ ಕೂಗಿದಳು. "ನ್ಸೆನೆನೆ! ಏ ನ್ಸೆನೆನೆ! ಚಹಾ ಆರ್ತಿದೆ, ಬಾರೇ!"

ಪೊರಕೆ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಸದ್ದು ಮಾಡಿತು. ಆ ಹೆಸರಿನವರು ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ಅವಳು ಗುಡಿಸುತ್ತಲೇ ಇದ್ದಳು.